ಶಹಾಪುರಕ್ಕೊಂದು, ಹುಣಸಗಿಗೊಂದು

ಚಾಂದಬೀ,

ಈ ಲಕೋಟೆಯ ಹಿಂಬದಿಗೆ ನನ್ನ ಹೆಸರು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಹೆಸರು ಕಂಡರೆ ನೀನು ಒಡೆಯದೆ ಬದಿಗಿಡಬಹುದು, ಹೆಸರಿಲ್ಲದಿದ್ದರೆ ಯಾರದೋ ಏನೋ ಎಂದು ಒಡೆದು ನೋಡುತ್ತೀ. ಆದರೆ ನಿನಗೊಂದು ಪತ್ರ ಮುಟ್ಟಿಸುವುದಕ್ಕೂ ಉಪಾಯ ಹೂಡುವುದು ನನಗೇ ಹೇಸಿಗೆಯೆನಿಸಿತು. ಸಂಗಮನಾಥ, ಇತಿಹಾಸ ಉಪನ್ಯಾಸಕ, ಸುರಪುರ ಎಂದು ದೊಡ್ಡ ಅಕ್ಷರದಲ್ಲೇ ಬರೆದೆ. ಒಡೆದಿದ್ದೀಯೆಂದರೆ ಅಷ್ಟು ನಿನ್ನ ದೊಡ್ಡತನ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಕ್ಷಮೆ ಕೇಳುವವನು ಎದುರಿನವರಿಂದ ಏನೋ ಒಂದನ್ನು ಬಯಸುತ್ತಿರುತ್ತಾನೆ. ನಾಲ್ಕು ವರ್ಷದ ಹಿಂದೆ ಏನು ನಡೆಯಿತು ಎಂಬುದರಲ್ಲಿ ಅರ್ಧ ನಿನಗೆ ಗೊತ್ತು, ಇನ್ನರ್ಧ ನನಗೆ ಗೊತ್ತು. ನನ್ನ ಬಳಿ ಇರುವ ಅರ್ಧವನ್ನು ನಿನಗೆ ಒಪ್ಪಿಸಬೇಕಾಗಿದೆ.

ನೀನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಕೇಳಿದ ಒಂದು ಪ್ರಶ್ನೆಯಿಂದ ಶುರುಮಾಡುತ್ತೇನೆ. ನಾನು ವರ್ಷಕ್ಕೊಮ್ಮೆ ಹೇಳುವ ಪಾಠವನ್ನೇ ಅಂದೂ ಹೇಳುತ್ತಿದ್ದೆ. ಅಂಗೈಯಷ್ಟಗಲದ ಸುರಪುರ ಸಂಸ್ಥಾನ, ಒಂದು ಕಡೆ ಪುಣೆಯ ಪೇಶ್ವೆ, ಇನ್ನೊಂದು ಕಡೆ ಹೈದರಾಬಾದಿನ ನಿಜಾಮ, ಇಬ್ಬರಿಗೂ ಕಪ್ಪ ಕೊಟ್ಟುಕೊಂಡು, ಇಬ್ಬರಿಂದಲೂ ತಪ್ಪಿಸಿಕೊಂಡು ಉಳಿದದ್ದು. ಆಮೇಲೆ ಮೂರನೆಯವರಾಗಿ ಕಂಪನಿಯವರು ಬಂದದ್ದು. ಕೋಟೆ, ಬಂಡೆ, ಬೇಡರ ಧೈರ್ಯ, ಇಷ್ಟರಲ್ಲೇ ನನ್ನ ಪಾಠ ಮುಗಿಯುತ್ತಿತ್ತು. ಕೊನೆಯ ಬೆಂಚಿನಿಂದ ನೀನು ಎದ್ದು ನಿಂತು, "ಸರ್, ಆ ದರ್ಬಾರಿನ್ಯಾಗ ನಮ್ಮ ಊರಿನ ಪರವಾಗಿ ಕುಂತು ಮಾತಾಡ್ತಿದ್ದವ್ರು ಯಾರ್ರೀ? ಅವ್ರ ಹೆಂಡ್ರು ಮಕ್ಕಳು ಎಲ್ಲಿರ್ತಿದ್ರು?" ಎಂದು ಕೇಳಿದೆ. ಆಗಿನ ಕಾಲದಲ್ಲಿ ರಾಯಭಾರಿಯನ್ನು ವಕೀಲ ಎನ್ನುತ್ತಿದ್ದರು ಎಂದಷ್ಟೇ ಹೇಳಲು ನನಗೆ ಬಂತು. ಹೆಂಡಿರು ಮಕ್ಕಳ ವಿಷಯ ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನು ಅದನ್ನು ಯೋಚಿಸಿಯೇ ಇರಲಿಲ್ಲ.

ನೀನು ಬಿಡಲಿಲ್ಲ. ಕಲಬುರಗಿಗೆ ಎಂ.ಎ.ಗೆ ಹೋದೆ, ಸಣ್ಣ ಸಂಸ್ಥಾನಗಳ ವಕೀಲರ ಮೇಲೆಯೇ ಪ್ರಬಂಧ ಬರೆದೆ. ಹುಣಸಗಿಯ ನಿಮ್ಮ ಮನೆಯಲ್ಲಿ ನಿನ್ನ ಅಜ್ಜ ಖಾಜಾಮಿಯಾ ಅಂಗಳದ ಹೊರಸಿನ ಮೇಲೆ ಕುಳಿತು ಹಳೆಯ ಉರ್ದು ಹಾಳೆಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದದ್ದು, ನೀನು ನೆಲದ ಮೇಲೆ ಕುಳಿತು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದದ್ದು, ನಾನು ಒಮ್ಮೆ ಬಂದಾಗ ನೋಡಿದ್ದೇನೆ. ಆ ದಿನ ನಿಮ್ಮ ಅಜ್ಜ ನನ್ನ ಕೈ ಹಿಡಿದು, ಈ ಹುಡುಗಿಯನ್ನು ನಿಮ್ಮ ಮಡಿಲಿಗೆ ಹಾಕಿದ್ದೇನೆ ಎಂದಿದ್ದರು. ನಾನು ಹೂಂ ಎಂದಿದ್ದೆ. ಎಂ.ಎ. ಮುಗಿಸಿ ನೀನು ನಮ್ಮ ಕಾಲೇಜಿಗೇ ಅತಿಥಿ ಉಪನ್ಯಾಸಕಿಯಾಗಿ ಬಂದೆ. ವಿಭಾಗದ ಕೋಣೆಯಲ್ಲಿ ನನ್ನ ಟೇಬಲ್ಲಿನ ಎದುರಿಗೆ ನಿನಗೊಂದು ಕುರ್ಚಿ ಹಾಕಿಸಿದೆ. ನನಗೆ ಮಕ್ಕಳಿಲ್ಲ. ಆ ಎರಡು ವರ್ಷ ಕಾಲೇಜಿಗೆ ಹೋಗಲು ನಾನು ಅವಸರ ಮಾಡುತ್ತಿದ್ದೆ ಎಂದು ನನ್ನ ಹೆಂಡತಿ ಭುವನೇಶ್ವರಿ ಈಗಲೂ ಹೇಳುತ್ತಾಳೆ.

ಆಮೇಲೆ ಶುರುವಾಯಿತು ಆ ಜಗಳ. ಕಾಲೇಜಿನ ಆಡಳಿತ ಮಂಡಳಿ ಎರಡಾಯಿತು. ಅಧ್ಯಕ್ಷರಾದ ಶಹಾಪುರದ ಮಲ್ಲಣ್ಣ ಸಾವುಕಾರರಿಗೆ ಕಾಲೇಜನ್ನು ಭೀಮರಾಯನಗುಡಿಯ ಹತ್ತಿರ ತಾವು ಕೊಂಡ ಜಾಗಕ್ಕೆ ಒಯ್ಯಬೇಕಾಗಿತ್ತು. ಕಾರ್ಯದರ್ಶಿಗಳಾದ ಕಾಲುವೆ ಗುತ್ತಿಗೆದಾರ ಪರಮಣ್ಣನವರಿಗೆ, ತಮ್ಮ ಹುಣಸಗಿ ಈಗ ತಾಲೂಕಾಗಿದೆ, ಕಾಲೇಜು ಅಲ್ಲಿಗೇ ಬರಬೇಕು ಎಂಬ ಹಟ. ಸುರಪುರದಲ್ಲಿ ಉಳಿಯಲಿ ಎನ್ನುವವರು ನಾವು ಹನ್ನೊಂದು ಜನ ಸಿಬ್ಬಂದಿ ಮಾತ್ರ. ಜೊತೆಗೆ ಬಸ್ಸು ಹತ್ತಿ ಬೇರೆ ಊರಿಗೆ ಓದಲು ಕಳಿಸುವುದಿಲ್ಲ ಎನ್ನುವ ಮನೆಗಳ ಹುಡುಗಿಯರು. ಅವರನ್ನು ಕೇಳುವವರು ಯಾರು? ಪ್ರಾಚಾರ್ಯರು ನಿವೃತ್ತರಾಗಿ ಆ ಪ್ರಭಾರ ನನ್ನ ತಲೆಗೇ ಬಂದಿತ್ತು. ಎರಡೂ ಕಡೆಯವರಿಗೆ ಸಿಬ್ಬಂದಿಯ ಸಹಿ ಬೇಕಿತ್ತು, ಯಾಕೆಂದರೆ ವ್ಯಾಜ್ಯ ಕೋರ್ಟಿಗೆ ಹೋಗುವುದರಲ್ಲಿತ್ತು. ಯಾರಿಗೆ ಸಹಿ ಹಾಕಿದರೂ ಇನ್ನೊಬ್ಬರು ನಮ್ಮನ್ನು ಉಳಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ನಿನಗೆ ಹೇಳಿದೆ, ಇಬ್ಬರಿಗೂ ಒಂದೊಂದು ಪತ್ರ ಬರೆಯೋಣ ಎಂದು. ಸಿಬ್ಬಂದಿ ನಿಮ್ಮ ಮೇಲೆ ಗೌರವ ಇಟ್ಟಿದೆ, ಆದರೆ ಈಗ ಸ್ಥಳಾಂತರ ಮಾಡಿದರೆ ಪ್ರವೇಶ ಕುಸಿಯುತ್ತದೆ, ಒಂದು ವರ್ಷ ತಡೆಯಿರಿ ಎಂದು ಬರೆದು ಕಾಲ ತಳ್ಳುವುದು ನನ್ನ ಯೋಚನೆಯಾಗಿತ್ತು. ನೀನು ಒಪ್ಪಿದೆ. ಎರಡನ್ನೂ ನೀನೇ ಟೈಪು ಮಾಡಿದೆ, ನನ್ನದಕ್ಕಿಂತ ಒಳ್ಳೆಯ ಮಾತುಗಳನ್ನು ಹಾಕಿದೆ. ಮುಗಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಸರ್, ಎರಡೂ ಕಡಿ ಬರದ್ರ ತಪ್ಪಿಲ್ರಿ. ಆದ್ರ ಎರಡರಾಗೂ ಒಂದ ಮಾತು ಇರ್ಲಿ. ಬ್ಯಾರೆ ಬ್ಯಾರೆ ಹೇಳಿ ದಕ್ಕಿಸಿಕೊಳ್ಳೋ ತಾಕತ್ತು ನಮ್ಮಂಥಾವ್ರಿಗಿ ಇರಂಗಿಲ್ರಿ."

ನಾನು ನಕ್ಕೆ. ಆಮೇಲೆ ಪೆನ್ನು ತೆಗೆದು ಎರಡೂ ಪತ್ರಗಳ ಕೆಳಗೆ ಒಂದೊಂದು ಸಾಲು ಕೈಯಿಂದ ಬರೆದೆ. ಬರೆಯುವಾಗ ಎಡಗೈಯನ್ನು ಅಡ್ಡ ಹಿಡಿದಿದ್ದೆ, ನಿನಗೆ ಕಾಣಬಾರದೆಂದು. ನೀನು ಅದನ್ನು ನೋಡಿ ಮುಖ ಆಚೆ ತಿರುಗಿಸಿ ಕಿಟಕಿಯ ಹೊರಗೆ ನೋಡಿದೆ. ಆ ಸಾಲು ಏನೆಂದು ನಿನಗೆ ಈವರೆಗೆ ಯಾರೂ ಹೇಳಿರಲಿಕ್ಕಿಲ್ಲ. ಮಲ್ಲಣ್ಣನವರಿಗೆ, 'ನಾನು ಒಳಗಿಂದ ನಿಮ್ಮವನೇ, ಹುಣಸಗಿಯವರ ಜೊತೆ ಮಾತಾಡುವುದು ಬರೀ ತೋರಿಕೆಗೆ' ಎಂದು ಬರೆದೆ. ಪರಮಣ್ಣನವರಿಗೂ ಅದನ್ನೇ ಬರೆದೆ, ಊರಿನ ಹೆಸರು ಮಾತ್ರ ಬದಲು. ನನ್ನ ಮೇಲೆ ಇಬ್ಬರ ಕೈಯೂ ಇರಲಿ ಎಂಬ ಆಸೆ. ಕಾಲೇಜು ಉಳಿಸುವುದಕ್ಕೆ ಆ ಸಾಲಿನ ಅಗತ್ಯವೇ ಇರಲಿಲ್ಲ. ನನ್ನ ಕುರ್ಚಿ ಉಳಿಸಿಕೊಳ್ಳುವುದಕ್ಕೆ ಬರೆದೆ. ಎರಡನ್ನೂ ಅಂಟು ಹಾಕಿ ಮುಚ್ಚಿದೆ. ಶಹಾಪುರದ್ದನ್ನು ಕಚೇರಿಯ ಅಧೀಕ್ಷಕ ಹಣಮೇಶನ ಕೈಯಲ್ಲಿ ಕಳಿಸಿದೆ. ಹುಣಸಗಿಯದನ್ನು, ಸಂಜೆ ಹೇಗೂ ಊರಿಗೆ ಹೋಗುವವಳು ಎಂದು, ನಿನ್ನ ಕೈಯಲ್ಲಿ ಕೊಟ್ಟೆ.

ಮೂರು ವಾರ ಎಲ್ಲ ಸುಮ್ಮನಿತ್ತು. ಎರಡೂ ಕಡೆಯಿಂದ ಸಹಿಯ ಒತ್ತಾಯ ನಿಂತಿತು. ನನಗೆ ಎಷ್ಟು ಬಿಗುಮಾನ ಬಂದಿತ್ತು ಎಂದರೆ, ಹಳೆಯ ಕಾಲದಲ್ಲಿ ಹುಟ್ಟಿದ್ದರೆ ಪುಣೆಯಲ್ಲೂ ಹೈದರಾಬಾದಿನಲ್ಲೂ ಕುಳಿತು ಬರುತ್ತಿದ್ದೆ ಎಂದು ಭುವನೇಶ್ವರಿಯ ಮುಂದೆ ಜಂಬ ಕೊಚ್ಚಿದೆ.

ನಾಲ್ಕನೆಯ ವಾರ ಯಾದಗಿರಿಯಲ್ಲಿ ಜಂಟಿ ನಿರ್ದೇಶಕರ ಕಚೇರಿಯ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಶಹಾಪುರ ದಾಟಿ ಭೀಮರಾಯನಗುಡಿಯ ಕ್ರಾಸಿನಲ್ಲಿ ಬಸ್ಸು ನಿಂತಾಗ ಪಕ್ಕಕ್ಕೆ ಒಂದು ಬಿಳಿಯ ಕಾರು ಬಂದು ನಿಂತಿತು. ಅದು ಮಲ್ಲಣ್ಣ ಸಾವುಕಾರರ ಕಾರು, ಗಾಜಿನ ಮೇಲೆ ಅವರ ಹತ್ತಿ ಗಿರಣಿಯ ಹೆಸರಿದೆ, ತಪ್ಪುವ ಪ್ರಶ್ನೆಯಿಲ್ಲ. ಹಿಂದಿನ ಕಿಟಕಿಯಲ್ಲಿ ನೀನು ಕುಳಿತಿದ್ದೆ. ತಲೆಯ ಮೇಲೆ ದುಪಟ್ಟಾ, ಮುಖ ಒಳಗಡೆಗೆ, ಯಾರ ಜೊತೆಯೋ ಮಾತಾಡುತ್ತಿದ್ದೆ. ನನ್ನನ್ನು ನೋಡಲಿಲ್ಲ.

ಮರುದಿನ ವಿಭಾಗದಲ್ಲಿ, ನಿನ್ನೆ ರಜೆ ಹಾಕಿದ್ದೆಯಲ್ಲ, ಎಲ್ಲಿಗೆ ಹೋಗಿದ್ದೆ ಎಂದು ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಗುರುತಿನವರ ಒಂದು ಅರ್ಜಿಯ ಕೆಲಸವಿತ್ತು ಎಂದೆ ನೀನು. ಹೇಳುವಾಗ ಪುಸ್ತಕದ ಹಾಳೆ ತಿರುವುತ್ತಿದ್ದೆ. ಅಷ್ಟು ಸಾಕಾಯಿತು ನನಗೆ. ಆ ದಿನದಿಂದ ನೀನು ಮಾಡಿದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಫೋನು ಬಂದಾಗ ಹೊರಗೆ ಹೋಗಿ ಮಾತಾಡುವೆ. ಮೊದಲೂ ಹೋಗುತ್ತಿದ್ದೆ, ಆದರೆ ಈಗ ನಾನು ಎಣಿಸತೊಡಗಿದೆ. ನಿನ್ನ ತಮ್ಮ ಮುಷರಫ ಪರಮಣ್ಣನವರ ಟಿಪ್ಪರ್ ಓಡಿಸುತ್ತಾನೆ ಎಂಬುದು ಮೊದಲಿನಿಂದ ಗೊತ್ತಿದ್ದ ಸಂಗತಿ, ಅದನ್ನೇ ಈಗ ಹೊಸದಾಗಿ ಪತ್ತೆಹಚ್ಚಿದವನ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡೆ. ಒಂದು ದಿನ ನೀನು ನೀರು ತರಲು ಹೋದಾಗ ನಿನ್ನ ಚೀಲವನ್ನು ತೆರೆದು ನೋಡಿದೆ. ಒಂದು ಊಟದ ಡಬ್ಬಿ, ಓದಿದ ಪುಟದ ಗುರುತಿಗೆ ಬಸ್ ಟಿಕೆಟ್ ಸಿಕ್ಕಿಸಿದ ಒಂದು ಪುಸ್ತಕ, ಅಜ್ಜನ ಕಣ್ಣಿನ ಔಷಧದ ಚೀಟಿ. ಇದನ್ನು ನಾನು ಹೇಳದಿದ್ದರೆ ನಿನಗೆ ಎಂದೂ ತಿಳಿಯುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಅದೇ ವಾರ ಮಲ್ಲಣ್ಣನವರು ಕರೆಸಿದರು. ಶಹಾಪುರದ ಅವರ ಗಿರಣಿಯ ಕೋಣೆಯಲ್ಲಿ ಕೂರಿಸಿ, ಚಹಾ ಕೊಟ್ಟು, ಮೊಬೈಲನ್ನು ಟೇಬಲ್ಲಿನ ಮೇಲೆ ನನ್ನ ಕಡೆಗೆ ಸರಿಸಿದರು. ಪರಮಣ್ಣನವರಿಗೆ ನಾನು ಬರೆದ ಪತ್ರದ ಫೋಟೊ. ಕೆಳಗೆ ನನ್ನ ಕೈಬರಹದ ಸಾಲು, ಸಹಿ.

"ಮಾಸ್ತರ, ನೀವು ಯಾರ ಮಂದಿ ಅಂತ ಒಂದ ಸಲ ಹೇಳಿಬಿಡ್ರಿ. ನನಗೇನು ಸಿಟ್ಟಿಲ್ಲ" ಎಂದರು.

ಅವರ ದನಿ ಬಹಳ ಮೆತ್ತಗಿತ್ತು. ನನಗೆ ಬೆವರು ಬಂತು. ಇದು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅದು ನಿಮಗ್ಯಾಕೆ, ಯಾರ ಕೈಯಿಂದ ಕಳಿಸಿದ್ದಿರಿ ಅದನ್ನು ಹೇಳಿ ಎಂದರು. ಚಾಂದಬೀ, ಆ ಕ್ಷಣದಲ್ಲಿ ನಾನು ನಿಜ ಹೇಳಬಹುದಿತ್ತು: ಬರೆದದ್ದು ನಾನೇ, ಹೆದರಿ ಬರೆದೆ ಎಂದು. ಅದರ ಬದಲು ನಿನ್ನ ಹೆಸರು ಹೇಳಿದೆ. ಟೈಪು ಮಾಡಿದವಳು ಅವಳು, ಒಯ್ದವಳು ಅವಳು, ನಡುವೆ ಏನು ಮಾಡಿದಳೋ ಗೊತ್ತಿಲ್ಲ, ಅವಳ ತಮ್ಮ ಪರಮಣ್ಣನವರ ಕಡೆ ಇದ್ದಾನೆ, ಆ ಸಾಲನ್ನೂ ಅವಳ ಒತ್ತಾಯಕ್ಕೇ ಬರೆದೆ ಎಂದೆ. ಇಷ್ಟು ಸುಳ್ಳನ್ನು ಒಂದೇ ಉಸಿರಿಗೆ ಹೇಳಿದೆ. ಮಲ್ಲಣ್ಣನವರು ತಲೆಯಾಡಿಸಿ, ಹಾಗಾದರೆ ಅದನ್ನು ಬರೆದು ಕೊಡಿ ಎಂದರು. ಅವರದೇ ಹಾಳೆಯ ಮೇಲೆ, ಅವರದೇ ಪೆನ್ನಿನಿಂದ, 'ಅತಿಥಿ ಉಪನ್ಯಾಸಕಿ ಚಾಂದಬೀ ಕಚೇರಿಯ ಗೋಪ್ಯ ಕಾಗದಗಳನ್ನು ಹೊರಗೆ ಒಯ್ದಿದ್ದಾರೆ' ಎಂದು ದೂರು ಬರೆದು ಸಹಿ ಮಾಡಿದೆ. ದೊಡ್ಡ ದರ್ಬಾರುಗಳು ಸಣ್ಣ ರಾಜ್ಯದಿಂದ ಒತ್ತೆಯಾಳು ಕೇಳುತ್ತಿದ್ದವು ಎಂದು ನಿನ್ನ ಪ್ರಬಂಧದಲ್ಲೇ ಓದಿದ್ದೆ. ಅವರು ಕೇಳುವ ಮೊದಲೇ ನಾನು ಕೊಟ್ಟೆ.

ವಿಚಾರಣೆಯ ದಿನ ನೀನು ಪ್ರಾಚಾರ್ಯರ ಕೋಣೆಯಲ್ಲಿ ನಿಂತಿದ್ದೆ. ಮಂಡಳಿಯ ಇಬ್ಬರು ಸದಸ್ಯರು, ಹಣಮೇಶ, ನಾನು. ದೂರನ್ನು ಓದಿ ಹೇಳಿದರು. ನೀನು ಅವರ ಕಡೆ ನೋಡಲೇ ಇಲ್ಲ. "ನಿಮಗ ಹಂಗ ಅನಸ್ತದೇನ್ರಿ ಸರ್?" ಎಂದು ನನ್ನನ್ನು ಕೇಳಿದೆ. ನಾನು ಹಾಜರಿ ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡು ಕೂತೆ. ನೀನು ಕಪಾಟಿನ ಕೀಲಿಯನ್ನು ಟೇಬಲ್ಲಿನ ಮೇಲೆ ಇಟ್ಟು ಹೋದೆ. ವಾದಿಸಲಿಲ್ಲ, ಅಳಲಿಲ್ಲ. ಇಷ್ಟು ಸುಮ್ಮನೆ ಹೋಗುವವಳು ತಪ್ಪು ಮಾಡಿರಲೇಬೇಕು ಎಂದು ನನಗೆ ನಾನು ಹೇಳಿಕೊಂಡೆ. ನೀನು ಅತ್ತಿದ್ದರೆ, ನಟನೆ ಎನ್ನುತ್ತಿದ್ದೆ.

ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನಿನ್ನ ಹೆಸರಿರಲಿಲ್ಲ. ಯಾದಗಿರಿಯ ಒಂದು ಕಾಲೇಜಿಗೆ ನೀನು ಅರ್ಜಿ ಹಾಕಿದ್ದು ನನಗೆ ಗೊತ್ತು, ಯಾಕೆಂದರೆ ಅವರು ನಮ್ಮ ಕಚೇರಿಗೆ ಫೋನು ಮಾಡಿ ವಿಚಾರಿಸಿದರು. ದೂರಿನ ವಿಷಯ ಹೇಳಿದವನು ಹಣಮೇಶ. ಹೇಳು ಎಂದು ಕಣ್ಣಿನಲ್ಲೇ ಒಪ್ಪಿಗೆ ಕೊಟ್ಟವನು ನಾನು.

ಕಾಲೇಜು ಏನಾಯಿತು ಎಂಬುದು ನಿನಗೆ ಗೊತ್ತೇ ಇದೆ. ಕೋರ್ಟಿಗೆ ಹೋಗುವ ಮೊದಲೇ ವ್ಯಾಜ್ಯ ಕರಗಿತು. ವಾಣಿಜ್ಯ ವಿಭಾಗ ಭೀಮರಾಯನಗುಡಿಗೆ ಹೋಯಿತು, ವಿಜ್ಞಾನ ಹುಣಸಗಿಗೆ ಹೋಯಿತು. ಕಲಾ ವಿಭಾಗ ಸುರಪುರದಲ್ಲಿ ಉಳಿಯಿತು, ಅದು ಇಬ್ಬರಿಗೂ ಬೇಕಾಗಿರಲಿಲ್ಲ. ನನ್ನ ಜಾಣತನದಿಂದ ಇಷ್ಟಾದರೂ ಉಳಿಯಿತು ಎಂದು ನಾನು ಮೂರು ವರ್ಷ ನಂಬಿಕೊಂಡಿದ್ದೆ.

ಕಳೆದ ಮಾಘದಲ್ಲಿ ಭುವನೇಶ್ವರಿಯ ಜೊತೆ ಅಬ್ಬೆತುಮಕೂರಿನ ಮಠಕ್ಕೆ ದರ್ಶನಕ್ಕೆ ಹೋಗಿದ್ದೆ. ಪ್ರಸಾದ ಮುಗಿಸಿ ಹೊರಗೆ ಬಂದರೆ ಮಲ್ಲಣ್ಣನವರೂ ಪರಮಣ್ಣನವರೂ ಒಂದೇ ಕಾರಿನಿಂದ ಇಳಿಯುತ್ತಿದ್ದರು. ಒಬ್ಬರ ಮೊಮ್ಮಗಳನ್ನು ಇನ್ನೊಬ್ಬರ ಅಣ್ಣನ ಮನೆಯ ಹುಡುಗನಿಗೆ ಕೊಡುವ ಮಾತು ನಡೆದಿತ್ತಂತೆ. ಪರಮಣ್ಣನವರು ಬಹಳ ಸಂತೋಷದಲ್ಲಿದ್ದರು. ನನ್ನನ್ನು ಕಂಡು ಹೆಗಲ ಮೇಲೆ ಕೈ ಹಾಕಿದರು.

"ಮಾಸ್ತರ, ನಿಮ್ಮ ಎರಡೂ ಪತ್ರ ನಾವು ಜೋಡಿ ಇಟ್ಟು ಓದೀವಿ ನೋಡ್ರಿ. ನಾನು ಇವ್ರಿಗಿ ನಂದು ಕಳಿಸಿದೆ, ಇವ್ರು ನನಗ ತಮ್ದು ಕಳಿಸಿದ್ರು. ಭಾಳ ನಕ್ಕೀವಿ" ಎಂದರು.

ಯಾವಾಗ ಎಂದು ಕೇಳಿದೆ. ಪತ್ರ ಬಂದ ವಾರವೇ ಎಂದರು. ಆಗ ನಿಮ್ಮಿಬ್ಬರಲ್ಲಿ ಮಾತೇ ಇರಲಿಲ್ಲವಲ್ಲ ಎಂದೆ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿ ಹೇಳಿದರು: "ಜಗಳ ಇತ್ರಿ. ಮಾತು ಯಾಕ ಬಿಡ್ತೀವಿ?"

ಮಲ್ಲಣ್ಣನವರು ಆ ಕಡೆ ನಿಂತು ಚಪ್ಪಲಿ ಬಿಡುತ್ತಿದ್ದರು. ನನ್ನ ಕಡೆ ನೋಡಿ ಒಂದು ನಗೆ ನಕ್ಕು ಒಳಗೆ ಹೋದರು. ಅಂದು ಗಿರಣಿಯ ಕೋಣೆಯಲ್ಲಿ ಆ ಫೋಟೊ ತೋರಿಸುವಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಯಾರೂ ಯಾವ ಕಾಗದವನ್ನೂ ಕದ್ದಿರಲಿಲ್ಲ ಎಂಬುದೂ ಗೊತ್ತಿತ್ತು. ಬೆದರಿಸಿದರೆ ನಾನು ಯಾರನ್ನು ಕೊಡುತ್ತೇನೆ ಎಂದು ನೋಡಿದರು, ಅಷ್ಟೇ. ಎರಡು ದೊಡ್ಡ ರಾಜ್ಯಗಳು ಕಾದಾಡುತ್ತಿರುವಾಗಲೂ ಅವುಗಳ ನಡುವೆ ಹೋಗಿಬರುವ ದಾರಿ ಮುಚ್ಚಿರುವುದಿಲ್ಲ, ಒಪ್ಪಂದವಾದ ದಿನ ಮೊದಲು ಮೇಜಿನ ಮೇಲೆ ಬರುವುದು ಸಣ್ಣವನ ಪತ್ರಗಳೇ. ಇದನ್ನು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅದು ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ.

ಮಠದಿಂದ ಮನೆಗೆ ಬಂದೆ. ಆದರೂ ನಿನ್ನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ ಎಂದರೆ ನಂಬುತ್ತೀಯಾ? ಫೋಟೊ ನೀನು ಕೊಟ್ಟಿಲ್ಲ, ಸರಿ. ಹಾಗಾದರೆ ಆ ಕಾರಿನಲ್ಲಿ ಯಾಕಿದ್ದೆ? ಅನುಮಾನಕ್ಕೆ ಒಂದು ಕಾಲು ಮುರಿದರೂ ಇನ್ನೊಂದರ ಮೇಲೆ ಕುಂಟುತ್ತ ಬರುತ್ತದೆ. ಕೇಳಿಯೇ ಬಿಡೋಣ ಎಂದು ಹುಣಸಗಿಯ ಬಸ್ಸು ಹತ್ತಿದೆ.

ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ನೀನಿದ್ದೀ ಎಂದು ಕೇಳಿ ತಿಳಿದುಕೊಂಡೆ. ರೈತರ ಸಾಲು ಹೊರಗಿನ ಮೆಟ್ಟಿಲವರೆಗೆ ಇತ್ತು, ನಾನೂ ನಿಂತೆ. ನೀನು ತಲೆ ಎತ್ತದೆ ಒಬ್ಬೊಬ್ಬರ ಆಧಾರ್ ನಂಬರು ಕೇಳುತ್ತ, ಬೆರಳು ಒತ್ತಿಸುತ್ತ, ಒಬ್ಬ ಮುದುಕಿಗೆ ಅವಳ ಅರ್ಜಿಯಲ್ಲಿ ಏನು ಬರೆದಿದೆ ಎಂದು ಓದಿ ಹೇಳುತ್ತಿದ್ದೆ. ನನ್ನ ಸರದಿ ಬಂತು. ಎದ್ದು ನಿಲ್ಲುವೆಯೋ, ಮುಖ ತಿರುಗಿಸುವೆಯೋ ಎಂದು ನಾನು ಕಾಯುತ್ತಿದ್ದೆ. ನೀನು ಎರಡನ್ನೂ ಮಾಡಲಿಲ್ಲ. "ಬರ್ರಿ ಸರ್. ಏನ್ ಕೆಲಸ ಐತ್ರಿ?" ಎಂದೆ. ಹಿಂದೆ ಹತ್ತು ಜನ. ನನ್ನ ಬಾಯಿಂದ ಬಂದದ್ದು ಪಹಣಿ ಎಂಬ ಒಂದು ಶಬ್ದ. ನೀನು ಸರ್ವೆ ನಂಬರು ಕೇಳಿದೆ, ನಾನು ಹೇಳಿದೆ. ನನಗೆ ಬೇಡದ ಪಹಣಿಯೊಂದನ್ನು ನೀನು ಪ್ರಿಂಟು ತೆಗೆದು, ಮಡಚಿ, ಎರಡೂ ಕೈಯಿಂದ ಕೊಟ್ಟೆ. ದೊಡ್ಡವರಿಗೆ ಕೊಡುವ ಹಾಗೆಯೇ ಕೊಟ್ಟೆ. ನಾನು ಹೊರಗೆ ಬಂದೆ.

ಬೇವಿನ ಗಿಡದ ಕೆಳಗೆ ಮುಷರಫ ಟಿಪ್ಪರ್ ನಿಲ್ಲಿಸಿಕೊಂಡು ಕೂತಿದ್ದ. ಅವನನ್ನು ಕೇಳುವುದು ಸುಲಭವೆನಿಸಿತು. ಅಂದು ನಿನ್ನ ಅಕ್ಕ ಸಾವುಕಾರರ ಕಾರಿನಲ್ಲಿ ಯಾಕೆ ಹೋಗಿದ್ದಳು ಎಂದೆ. ಅವನು ಹೇಳಿದ. ನಮ್ಮ ಕಾಲೇಜಿನ ಹುಡುಗಿಯರ ಮೂವರು ತಾಯಂದಿರನ್ನು, ಗೊಲ್ಲಾಳಮ್ಮ ಎಂಬಾಕೆ ಅವರ ಮುಂದಾಳು, ನೀನು ಶಹಾಪುರಕ್ಕೆ ಮಲ್ಲಣ್ಣನವರ ಮನೆಗೆ ಕರೆದುಕೊಂಡು ಹೋಗಿದ್ದೆಯಂತೆ. ಕಾಲೇಜು ಒಯ್ದರೆ ನಮ್ಮ ಹುಡುಗಿಯರನ್ನು ಬಿಡಿಸಿಬಿಡುತ್ತೇವೆ ಎಂದು ಅವರ ಹೆಂಡತಿಯ ಮುಂದೆ ಕೂತು ಹೇಳಿದಿರಂತೆ. ಬಿಸಿಲಿತ್ತು ಎಂದು ಸಾವುಕಾರರ ಹೆಂಡತಿಯೇ ನಿಮ್ಮನ್ನು ಕಾರಿನಲ್ಲಿ ಕಳಿಸಿಕೊಟ್ಟರಂತೆ. ನನಗೆ ಕಿಟಕಿಯ ಪಕ್ಕದ ನೀನು ಮಾತ್ರ ಕಂಡಿದ್ದೆ.

ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆ ತಾಯಂದ್ರು ಆಣಿ ಹಾಕಿಸಿದ್ರ್ರಿ. ಸರ್ ಎರಡೂ ಕಡಿ ಅದಾರ, ಅವ್ರಿಗಿ ಹೇಳಬ್ಯಾಡ ಅಂದ್ರು. ಅಕ್ಕ ಅವ್ರ ಜೋಡಿ ಜಗಳಾಡಿದಳು, ನಮ್ಮ ಸರ್ ಹಂಗಿಲ್ಲ ಅಂತ" ಎಂದ. ಮತ್ತೆ, "ನೀವು ಆಕಿಗಿ ನೇರ ಕೇಳಿದ್ರ ಆಣಿ ಮುರದು ಹೇಳತಿದ್ಳ್ರಿ. ನೀವು ಕೇಳಲಿಲ್ಲ" ಎಂದ.

ಅವನು ನೀರಿನ ಬಾಟಲಿ ಕೊಟ್ಟ. ಅಜ್ಜ ಹೇಗಿದ್ದಾರೆ ಎಂದೆ. ಖಾಜಾಮಿಯಾ ಹೋಗಿ ಒಂದೂವರೆ ವರ್ಷವಾಯಿತಂತೆ. ಕೊನೆಯವರೆಗೂ, ಸಂಗಮನಾಥ ಸರ್ ಯಾಕೆ ಬರುತ್ತಿಲ್ಲ ಎಂದು ಕೇಳುತ್ತಿದ್ದರಂತೆ. ನೀವು ಯಾರೂ ಅವರಿಗೆ ವಿಷಯ ಹೇಳಿರಲಿಲ್ಲವಂತೆ. ಈ ಮಾತು ಕೇಳಿದ ಮೇಲೆ ಆ ಊರಿನಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.

ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಭುವನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಈಗ ಯಾಕ? ಆ ಹುಡುಗಿ ಸಲವಾಗಿಯೋ, ನಿಮಗ ನಿದ್ದಿ ಬರವಲ್ದಂತಲೋ?" ಎಂದು ಕೇಳಿದಳು. ನನ್ನ ಮೇಲೆ ನನಗೇ ಅನುಮಾನವಿದೆ. ನಿವೃತ್ತಿಗೆ ಏಳು ತಿಂಗಳಿರುವಾಗ ಒಳ್ಳೆಯವನೆನಿಸಿಕೊಂಡು ಹೋಗುವ ಆಸೆಯೂ ಇದರಲ್ಲಿ ಇದ್ದೀತು. ಕಚೇರಿಯಲ್ಲಿ ಹಣಮೇಶ ಒಳಗೆ ಕರೆದು ಬುದ್ಧಿ ಹೇಳಿದ, ನಿಮ್ಮ ನಿವೃತ್ತಿಯ ಕಾಗದಗಳು ಮಂಡಳಿಯವರ ಸಹಿಯಿಲ್ಲದೆ ಮುಂದೆ ಹೋಗುವುದಿಲ್ಲ, ಸುಮ್ಮನೆ ದಿನ ಕಳೆಯಿರಿ ಎಂದ. ಅವನು ಕೆಟ್ಟವನಲ್ಲ. ನಾನು ಅವನ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ.

ಕಳೆದ ತಿಂಗಳ ಮಂಡಳಿಯ ಸಭೆಯಲ್ಲಿ ನಾನೇ ಎದ್ದು ಓದಿದೆ. ಕೈಬರಹದ ಸಾಲು ನನ್ನದು, ಯಾರ ಒತ್ತಾಯವೂ ಇರಲಿಲ್ಲ, ಚಾಂದಬೀ ಅವರ ಮೇಲೆ ನಾನು ಕೊಟ್ಟ ದೂರು ಸುಳ್ಳು, ನಿಜವೋ ಸುಳ್ಳೋ ಪರೀಕ್ಷಿಸದೆ ಬರೆದದ್ದು ನನ್ನ ತಪ್ಪು. ಪರಮಣ್ಣನವರು ಮೊಬೈಲ್ ನೋಡುತ್ತಿದ್ದರು. ಮಲ್ಲಣ್ಣನವರು ಪೂರ್ತಿ ಕೇಳಿಸಿಕೊಂಡು, "ಮಾಸ್ತರ, ಇದು ಹಳೇ ಮಾತು. ಕಾಗದ ತಿರುಗಿ ತಗೊಳ್ರಿ, ನಿಮಗ ಛಲೋ ಆಗ್ತದ" ಎಂದರು. ಅದೇ ಮೆತ್ತನೆಯ ದನಿ. ನನಗೆ ಈ ಸಲವೂ ಬೆವರು ಬಂತು, ಸುಳ್ಳು ಯಾಕೆ ಹೇಳಲಿ. ಕಾಗದವನ್ನು ಅವರ ಮುಂದೆಯೇ ಬಿಟ್ಟು ಬಂದೆ. ಮರುದಿನ ಪ್ರಾಚಾರ್ಯರ ಪ್ರಭಾರವನ್ನು ಬೇರೆಯವರಿಗೆ ಕೊಟ್ಟರು. ನನ್ನ ನಿವೃತ್ತಿಯ ಕಾಗದಗಳಲ್ಲಿ ಏನೋ ಕೊರತೆ ಕಂಡಿದೆಯಂತೆ, ಹಿಂದಕ್ಕೆ ಬಂದಿವೆ. ಅದು ನನ್ನ ಪಾಡು, ನಿನಗೆ ಲೆಕ್ಕ ಒಪ್ಪಿಸಲು ಹೇಳಲಿಲ್ಲ. ಬೇರೆ ಯಾರಿಂದಲೋ ಕೇಳಿ ನೀನು ಮರುಗಬಾರದು ಎಂದು ಹೇಳಿದೆ.

ಯಾದಗಿರಿಯ ಆ ಕಾಲೇಜಿಗೂ ನಾನೇ ಹೋಗಿ ಆ ಹೇಳಿಕೆಯ ಒಂದು ಪ್ರತಿ ಕೊಟ್ಟು ಬಂದೆ. ಅಲ್ಲಿಯ ಪ್ರಾಚಾರ್ಯೆ ಮಲ್ಲಾಬಾಯಿ ಎಂಬವರು ಎರಡು ಸಲ ಓದಿದರು, ನನ್ನನ್ನು ಕುಳಿತುಕೊಳ್ಳಿ ಎನ್ನಲಿಲ್ಲ. ಇತಿಹಾಸಕ್ಕೆ ಈ ವರ್ಷ ಒಂದು ಜಾಗ ಖಾಲಿಯಿದೆ, ಅರ್ಜಿ ಹಾಕಿದರೆ ಎಲ್ಲರ ಹಾಗೆ ನೋಡುತ್ತೇವೆ ಎಂದಷ್ಟೇ ಹೇಳಿದರು. ಅವರು ಹೆಚ್ಚಿನದೇನೂ ಮಾತು ಕೊಟ್ಟಿಲ್ಲ, ನಾನೂ ಕೊಡುತ್ತಿಲ್ಲ. ಅರ್ಜಿಗೆ ಕೊನೆಯ ದಿನ ಈ ತಿಂಗಳ ಇಪ್ಪತ್ತೆರಡು.

ಅರ್ಜಿ ಹಾಕುವುದೂ ಬಿಡುವುದೂ ನಿನಗೆ ಸೇರಿದ್ದು. ಸೆಂಟರಿನ ಆ ಕುರ್ಚಿಯಲ್ಲಿ ನೀನು ಆ ಮುದುಕಿಗೆ ಓದಿ ಹೇಳುತ್ತಿದ್ದದ್ದನ್ನು ನೋಡಿದ ಮೇಲೆ, ನಿನ್ನ ಕೆಲಸ ಸಣ್ಣದು ಎನ್ನುವ ಯೋಗ್ಯತೆ ನನಗಿಲ್ಲ. ಒಂದು ಮಾತ್ರ ಮಾಡು. ಈ ಪತ್ರದಲ್ಲಿ ಬರೆದದ್ದನ್ನು ನಾನು ಬರೆದಿದ್ದೇನೆ ಎಂಬ ಕಾರಣಕ್ಕೆ ನಂಬಬೇಡ. ಸಭೆಯಲ್ಲಿ ಓದಿದ ಹೇಳಿಕೆಯ ಪ್ರತಿಯೊಂದನ್ನು ಇದರ ಜೊತೆಗಿಟ್ಟಿದ್ದೇನೆ, ಅದರ ಮೇಲೆ ಕಚೇರಿಯ ಮೊಹರು, ಆವಕ ಸಂಖ್ಯೆ, ತಾರೀಖು ಇವೆ. ಮುಷರಫನನ್ನು ಕಳಿಸಿ ಕಚೇರಿಯ ವಹಿಯಲ್ಲಿ ಆ ಸಂಖ್ಯೆ ಇದೆಯೋ ಇಲ್ಲವೋ ನೋಡಿಸು. ಯಾದಗಿರಿಗೂ ಒಂದು ಫೋನು ಮಾಡಿ ಕೇಳು. ಎಲ್ಲ ತಾಳೆಯಾದ ಮೇಲೂ ಅನುಮಾನ ಉಳಿದರೆ ಉಳಿಯಲಿ, ಅದನ್ನು ಹುಟ್ಟಿಸಿದವನು ನಾನು. ಉತ್ತರ ಬರೆಯಬೇಕಾಗಿಲ್ಲ.

ನಿನ್ನ ಅಜ್ಜನ ಗೋರಿ ಎಲ್ಲಿದೆ ಎಂದು ಕೇಳಲು ನನಗೆ ಬಾಯಿಲ್ಲ. ನೀನು ಅಲ್ಲಿಗೆ ಹೋದಾಗ, ಸರ್ ಬಂದಿದ್ದರು, ತಡವಾಗಿ ಬಂದರು ಎಂದು ಒಂದು ಮಾತು ಹೇಳು.

ನೀನು ಹೋಗುವ ದಾರಿಯಲ್ಲಿ ನನ್ನಂಥವರು ಅಡ್ಡ ಬರದಿರಲಿ. ನಿನ್ನ ಮುಂದೆ ಕೂತ ಮಕ್ಕಳು ನಿನ್ನನ್ನು ಕಠಿಣ ಪ್ರಶ್ನೆ ಕೇಳಲಿ. ಸುಖವಾಗಿರು ತಾಯಿ.

ಸಂಗಮನಾಥ
ಸುರಪುರ